ಹರ್ಕ್ಯುಲೇನಿಯಂನ ಮರದ ಬಾಗಿಲು

ಇಟಲಿಯ ನೇಪಲ್ಸ್ ಬಗ್ಗೆ ಬರೆಯುವುದಕ್ಕೆ ನನ್ನ ಹತ್ತಿರ ಅಂಥದ್ದೇನಿಲ್ಲ. ಪಿಜ್ಜಾ ಚೆನ್ನಾಗಿತ್ತು, ಸ್ಕೂಟರ್‌ಗಳ ಕಾಟ ಜಾಸ್ತಿ ಇತ್ತು. ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ರೋಮನ್ ಊರು ಪೊಂಪೇಯಿಯನ್ನೂ ನೋಡಿದೆವು. ನೆರಳಿಲ್ಲದ ಬೀದಿ, ಕೊಡೆ ಎತ್ತಿಕೊಂಡು ಓಡುವ ಗೈಡ್‌ಗಳು, ಅವರ ಹಿಂದೆ ಜಾತ್ರೆಯಂಥ ಜನ. ನನ್ನನ್ನು ಕಟ್ಟಿಹಾಕಿದ್ದು ಹಾಗೇ ಹೂತುಹೋಗಿದ್ದ ಹತ್ತಿರದ ಪುಟ್ಟ ಊರು ಹರ್ಕ್ಯುಲೇನಿಯಂ. ಅದರಲ್ಲೂ ಅಲ್ಲಿನ ಒಂದು ಮನೆ.

ಆ ಊರಿಗೆ ಈಗ ಎರ್ಕೊಲಾನೊ ಅಂತ ಹೆಸರು. ಎರ್ಕೊಲಾನೊ ಸ್ಕಾವಿ ನಿಲ್ದಾಣದಲ್ಲಿ ರೈಲು ಇಳಿದು ಸಮುದ್ರದ ಕಡೆ ಇಳಿಜಾರಿನಲ್ಲಿ ನಡೆದರೆ ಗೇಟು ಸಿಗುತ್ತದೆ. ಅಲ್ಲೇ ನಮಗೆ ಗ್ರಹಚಾರ ಕಾದಿತ್ತು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಬುಕ್ ಮಾಡಿದ್ದ ಗೈಡ್ ಬರಲೇ ಇಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ. ಮುಂಗಡ ಪೂರ್ತಿ ಕೊಡಬೇಡಿ ಮಾರಾಯ್ರೇ, ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಇನ್ನೊಂದು ಮಾತು, ರಿಪೇರಿಗೆಂದು ಕೆಲವು ಮನೆಗಳಿಗೆ ಬೀಗ ಹಾಕಿರುತ್ತಾರೆ. ಯಾವುದು ತೆರೆದಿದೆ ಅಂತ ಒಳಗೆ ಹೋಗುವಾಗಲೇ ಕೇಳಿಕೊಳ್ಳಿ.

ಹಳೆ ಊರು ಇರುವುದು ದೊಡ್ಡ ಗುಂಡಿಯೊಳಗೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಇಲ್ಲಿ ಸುಮಾರು 20 ಮೀಟರ್ ಬೂದಿ, ಕಲ್ಲು ತುಂಬಿಕೊಂಡಿತು. ಗುಂಡಿಯ ಅಂಚಿನಲ್ಲಿ ಈಗಿನ ಊರಿನ ಮನೆಗಳು. ಬಾಲ್ಕನಿಗಳಲ್ಲಿ ಒಣಗಲು ಹಾಕಿದ ಬೆಡ್‌ಶೀಟು.

ನಾನು ಹೇಳುತ್ತಿರುವ ಮನೆಗೆ ಈಗಿನವರು ಇಟ್ಟಿರುವ ಹೆಸರು 'ಮರದ ತಡಿಕೆಯ ಮನೆ'. ಹೊರಗಿಂದ ನೋಡಿದರೆ ಸುಮ್ನೆ ಒಂದು ಎತ್ತರದ ಗೋಡೆ. ಒಳಗೆ ಕಾಲಿಟ್ಟರೆ ನಮ್ಮ ತೊಟ್ಟಿ ಮನೆ! ನಡುವೆ ಆಕಾಶಕ್ಕೆ ತೆರೆದ ಚಾವಣಿ, ಕೆಳಗೆ ಮಳೆ ನೀರು ಬೀಳುವ ಚೌಕದ ಕೊಳ. ಸೂರಿನ ಅಂಚಿನಲ್ಲಿ ನೀರು ಸುರಿಯಲು ನಾಯಿ ಮುಖದ ದೋಣಿಗಳು.

ಆ ಅಂಗಳದಾಚೆ ಯಜಮಾನ ಕೂರುವ ಕೋಣೆ. ಇವೆರಡರ ನಡುವೆ ನಿಂತಿದೆ ಆ ತಡಿಕೆ. ಕಪ್ಪು ಮರ, ಚೌಕಟ್ಟಿನೊಳಗೆ ಚೌಕಟ್ಟು ಕೂರಿಸಿದ ಕೆತ್ತನೆ, ದೀಪ ನೇತುಹಾಕಲು ಹಡಗಿನ ಮೂತಿಯಂಥ ಕಂಚಿನ ಕೊಕ್ಕೆ. ಸುಮಾರು ಎರಡು ಸಾವಿರ ವರ್ಷದ ಬಾಗಿಲು. ಪೊಂಪೇಯಿಯಲ್ಲಿ ಬಾಗಿಲುಗಳು ಇದ್ದ ಜಾಗದಲ್ಲಿ ಬರೀ ತೂತುಗಳನ್ನು ನೋಡಿ ಬಂದಿದ್ದ ನನಗೆ ನಂಬಲಿಕ್ಕೇ ಆಗಲಿಲ್ಲ.

ಅಲ್ಲಿ ಕಾವಲಿಗಿದ್ದ ಹಿರಿಯರೊಬ್ಬರು ನಾನು ಅಲ್ಲಾಡದೆ ನಿಂತಿದ್ದನ್ನು ನೋಡಿ ಹತ್ತಿರ ಬಂದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮ್ಮ ಇಟಾಲಿಯನ್ ಅದಕ್ಕಿಂತ ಕಡೆ.

"ಸುಟ್ಟುಹೋಗಲಿಲ್ವಾ ಇದು?" ಅಂತ ಕೇಳಿದೆ.

"ಸುಡೋಕೆ ಗಾಳಿ ಬೇಕಲ್ಲ?" ಅಂದರು. ಬಿಸಿ ಬೂದಿ ಒಮ್ಮೆಗೇ ನುಗ್ಗಿ ಎಲ್ಲವನ್ನೂ ಮುಚ್ಚಿಬಿಟ್ಟಿತು. ಗಾಳಿ ಸಿಗದೆ ಮರ ಉರಿಯದೆ ಇದ್ದಿಲಾಯಿತು, ಆಕಾರ ಹಾಗೇ ಉಳಿಯಿತು.

ಆಮೇಲೆ ತಡಿಕೆಯ ನಡುವೆ ಬೆರಳು ತೋರಿಸಿದರು. ಮೂರು ಜೋಡಿ ಬಾಗಿಲುಗಳಲ್ಲಿ ಮಧ್ಯದ್ದು ಇಲ್ಲ. "ಜ್ವಾಲಾಮುಖಿ ಮಾಡಿದ್ದಲ್ಲ ಅದು. ನಮ್ಮ ರಾಜರ ಕಡೆಯವರು." 1738ರಿಂದ, ಆಗ ನೇಪಲ್ಸ್ ಆಳುತ್ತಿದ್ದ ಬೂರ್ಬನ್ ವಂಶದ ರಾಜರು ಇಲ್ಲಿ ಸುರಂಗ ಕೊರೆಸಿ ಶಿಲ್ಪಗಳನ್ನು ಎತ್ತಿಸಿದರು. ಕೊರೆಯುವವರಿಗೆ ಇದ್ದಿಲು ಬಾಗಿಲು ಯಾವ ಲೆಕ್ಕ? ಸೀದಾ ಒಡೆದುಕೊಂಡು ಹೋದರು. ಅದನ್ನು ಹೇಳುವಾಗ ಅವರಿಗೆ ಬಂದ ಸಿಟ್ಟು ನೋಡಿದರೆ ಹೋದ ವಾರ ನಡೆದದ್ದೇನೋ ಅನ್ನಬೇಕು.

ತಡಿಕೆ ಯಾಕೆ ಬೇಕಿತ್ತು ಅಂತ ಕೇಳಿದ್ದಕ್ಕೆ ನಕ್ಕರು. ಬೆಳಿಗ್ಗೆ ಎದ್ದರೆ ದೊಡ್ಡವರ ಮನೆ ಮುಂದೆ ಆಶ್ರಿತರ ಸಾಲು. ನಮಸ್ಕಾರ ಹೇಳುವವರು, ಸಾಲ ಕೇಳುವವರು, ಶಿಫಾರಸಿಗೆ ಬಂದವರು. ಅಂಗಳದವರೆಗೆ ಎಲ್ಲರೂ ಬರಬಹುದು. ಬಾಗಿಲು ತೆರೆದರೆ ಯಜಮಾನ ಕಾಣುತ್ತಾನೆ, ಮುಚ್ಚಿದರೆ ಇಲ್ಲ. "ಈಗ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂತಾರಲ್ಲ, ಹಾಗೆ" ಅಂದರು. ಆ ಒಂದು ಮಾತಿಗೆ ಮನೆ ಪೂರ್ತಿ ಅರ್ಥವಾಯಿತು. ಓಡಿಹೋದ ಗೈಡ್ ಇದನ್ನು ಹೇಳುತ್ತಿದ್ದನೋ ಇಲ್ಲವೋ!

ಪಕ್ಕದಲ್ಲೇ ಮರದ ಚೌಕಟ್ಟಿಗೆ ಕಲ್ಲು, ಗಾರೆ ತುಂಬಿ ಕಟ್ಟಿದ ಬಡವರ ಬಾಡಿಗೆ ಮನೆ. ಇಂಥ ಗೋಡೆಗಳು ಪಂಜಿನ ಹಾಗೆ ಉರಿಯುತ್ತವೆ, ಇವನ್ನು ಕಂಡುಹಿಡಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದ. ಆದರೂ ಆ ಮನೆ ಮಹಡಿ, ಬಾಲ್ಕನಿ ಸಮೇತ ನಿಂತಿದೆ ನೋಡಿ.

ಇನ್ನೊಂದು ಮನೆಯಲ್ಲಿ, ಎಲ್ಲರೂ ಹೊಗಳುವ, ಬಣ್ಣದ ಚೂರು ಜೋಡಿಸಿ ಮಾಡಿದ ಕಡಲದೇವ ನೆಪ್ಚೂನ್‌ನ ಮೊಸಾಯಿಕ್ ಚಿತ್ರ ನನಗೆ ಅಷ್ಟೇನೂ ಹಿಡಿಸಲಿಲ್ಲ. ವಿಪರೀತ ಬಣ್ಣ, ವಿಪರೀತ ಹೊಳಪು. ಅದೇ ಮನೆಗೆ ಅಂಟಿಕೊಂಡ ಅಂಗಡಿಯ ಮರದ ಅಟ್ಟ, ಅದರ ಮೇಲೆ ಸಾಲಾಗಿಟ್ಟ ಜಾಡಿಗಳೇ ವಾಸಿ.

ಕೊನೆಗೆ ಹಳೆ ಕಡಲ ದಡದಲ್ಲಿ ದೋಣಿ ಇಡುತ್ತಿದ್ದ ಕೋಣೆಗಳು. ಓಡಿಹೋಗಲು ಬಂದು ಅಲ್ಲೇ ಸತ್ತ ಸುಮಾರು 300 ಜನರ ಅಸ್ಥಿಗಳು ಇಲ್ಲಿ ಸಿಕ್ಕಿವೆ. ಮುಂದೆ ನಿಂತಿದ್ದ ಹುಡುಗರು ಅದಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ. ವಾಪಸ್ ನಿಲ್ದಾಣಕ್ಕೆ ಪೂರ್ತಿ ಏರು ದಾರಿ, ನೀರಿನ ಬಾಟಲಿ ಮರೆಯಬೇಡಿ.