ಬ್ಯಾಂಕಾಕ್‌ನಿಂದ ಸೈಗಾನ್‌ವರೆಗೆ ರೈಲಿನಲ್ಲಿ: ವೀಸಾ ಕೆಲಸ ಎಲ್ಲಿಗೆ ಬಂತು

ಆಗಸ್ಟ್ 2025

ಪ್ಲಾನ್ ಇಷ್ಟು. ಬ್ಯಾಂಕಾಕ್‌ನಿಂದ ರಾತ್ರಿ ರೈಲಿನಲ್ಲಿ ಲಾವೋಸ್‌ನ ವಿಯೆಂಟಿಯಾನ್‌ಗೆ. ಅಲ್ಲಿಂದ ಚೀನಾ ಗಡಿಯವರೆಗೆ ಹೋಗುವ ಹೊಸ ರೈಲು ಮಾರ್ಗ 'ಚೀನಾ ಲೈನಿ'ನಲ್ಲಿ ಲುವಾಂಗ್ ಪ್ರಬಾಂಗ್‌ಗೆ ಹೋಗಿ ವಾಪಸ್, ಆಮೇಲೆ ಬಸ್ಸಿನಲ್ಲಿ ವಿಯೆಟ್ನಾಂನ ಹನೋಯ್, ಹನೋಯ್‌ನಿಂದ ಸೈಗಾನ್ (ಈಗಿನ ಹೋ ಚಿ ಮಿನ್ ಸಿಟಿ)ವರೆಗೆ 1,726 ಕಿಲೋಮೀಟರ್ ಉದ್ದದ ಹಳೇ ಮೀಟರ್ ಗೇಜ್ ಲೈನು, ಕೊನೆಗೆ ಕಾಂಬೋಡಿಯಾ. ಹೊರಟಿರುವುದು ಮೂರು ಜನ. ನಾನು, ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ರಿಟೈರ್ ಆದ ಚಿಕ್ಕಪ್ಪ, ಮತ್ತೆ ನನ್ನಷ್ಟೇ ರೈಲಿನ ಹುಚ್ಚಿರುವ ಒಬ್ಬ ಗೆಳೆಯ.

ಜನವರಿಯಲ್ಲಿ ಹೊರಡೋಣ ಅಂತ ತೀರ್ಮಾನವಾಯಿತು. ಫೆಬ್ರವರಿ ಬೇಡ ಅಂದಿದ್ದಕ್ಕೆ ಕಾರಣ ಇದೆ. 2026ರಲ್ಲಿ ವಿಯೆಟ್ನಾಂನವರ ಹೊಸ ವರ್ಷ ಟೆಟ್ ಫೆಬ್ರವರಿ 17ಕ್ಕೆ ಬರುತ್ತದೆ. ಆ ಹೊತ್ತಿಗೆ ಇಡೀ ದೇಶವೇ ಊರಿಗೆ ಹೊರಟಿರುತ್ತದೆ, ರೈಲಿನಲ್ಲಿ ಸೀಟು ಸಿಗೋದು ಕಷ್ಟ, ವೀಸಾ ನೋಡುವ ಕಚೇರಿಗೂ ರಜೆ. ನಮ್ಮಲ್ಲಿ ದೀಪಾವಳಿ ಹಿಂದಿನ ದಿನ ಮೆಜೆಸ್ಟಿಕ್‌ಗೆ ಹೋಗಿ ನಿಂತವರಿಗೆ ಬೇರೆ ವಿವರಣೆ ಬೇಕಿಲ್ಲ.

ಟೂರ್ ಕಂಪನಿಗೆ ಕೊಡಲ್ಲ, ಕಾಗದದ ಕೆಲಸವನ್ನೂ ನಾವೇ ಮಾಡೋಣ ಅಂತ ಹೊರಟಿದ್ದೇವೆ. ಮೊದಲ ಕೆಲಸವಾಗಿ ಒಂದು ಶೀಟ್ ಮಾಡಿದೆ. ಸಾಮಾನ್ಯವಾಗಿ ಎಲ್ಲರೂ ದೇಶದ ಹೆಸರು ಬರೆದು ಅದರ ಮುಂದೆ ವೀಸಾ ಬೇಕಾ ಬೇಡವಾ ಅಂತ ಬರೆಯುತ್ತಾರೆ. ವಿಮಾನದಲ್ಲಿ ಹೋಗಿ ವಿಮಾನದಲ್ಲಿ ಬರುವವರಿಗೆ ಅಷ್ಟು ಸಾಕು. ನೆಲದ ಮೇಲೆ ಗಡಿ ದಾಟುವವರಿಗೆ ಸಾಲದು. ಒಂದೇ ದೇಶದ ವೀಸಾ ಒಂದು ಗೇಟಿನಲ್ಲಿ ನಡೆಯುತ್ತದೆ, ಇನ್ನೊಂದು ಗೇಟಿನಲ್ಲಿ ನಡೆಯುವುದಿಲ್ಲ. ಹಾಗಾಗಿ ನನ್ನ ಶೀಟಿನಲ್ಲಿ ಒಂದೊಂದು ಸಾಲೂ ಒಂದೊಂದು ಗೇಟು. ಹೊರಡುವ ಕಡೆಯ ಸೀಲು ಎಲ್ಲಿ, ಒಳಹೋಗುವ ಸೀಲು ಎಲ್ಲಿ, ಅಲ್ಲಿ ಏನು ಕೇಳುತ್ತಾರೆ, ಎಷ್ಟು ಗಂಟೆಗೆ ತೆಗೆಯುತ್ತಾರೆ. ಈ ಶೀಟ್ ಮಾಡಿದ ಮೇಲೆ ಅರ್ಧ ರೂಟು ತಾನಾಗಿ ಬದಲಾಯಿತು.

ರೂಟಿನಿಂದ ಮೊದಲು ಕೈಬಿಟ್ಟುಹೋಗಿದ್ದು ಕಾಂಬೋಡಿಯಾದ ಗಡಿ ಊರು ಪೊಯಿಪೆಟ್. ಕಾಂಬೋಡಿಯಾದ ರಾಜಧಾನಿ ನಾಂ ಪೆನ್‌ನಿಂದ ರೈಲಿನಲ್ಲಿ ಪೊಯಿಪೆಟ್‌ಗೆ ಬಂದು, ಗಡಿ ದಾಟಿ, ಆ ಕಡೆ ಅರಣ್ಯಪ್ರಥೇಟ್‌ನಲ್ಲಿ ಥಾಯ್ ರೈಲು ಹತ್ತಿ ಬ್ಯಾಂಕಾಕ್‌ಗೆ ವಾಪಸ್ ಬರಬೇಕು ಅನ್ನೋದು ಚಿಕ್ಕಪ್ಪನ ಆಸೆ. ಹಳಿ ಇದೆ, 2019ರಲ್ಲೇ ಗಡಿಯ ಎರಡೂ ಕಡೆ ಕೂಡಿಸಿದ್ದಾರೆ. ಆದರೆ 2025ರ ಜೂನ್‌ನಿಂದ ಥೈಲ್ಯಾಂಡ್ ಕಾಂಬೋಡಿಯಾ ನಡುವಿನ ನೆಲದ ಗೇಟುಗಳು ಮುಚ್ಚಿವೆ, ಜುಲೈನಲ್ಲಿ ಗುಂಡು ಹಾರಿಸುವ ಮಟ್ಟಕ್ಕೇ ಹೋಯಿತು. ಹಾಗಾಗಿ ಕೊನೆಯ ಭಾಗಕ್ಕೆ ವಿಮಾನ. "ಹಳಿ ಇದ್ದೂ ವಿಮಾನ ಹತ್ತಬೇಕೇನೋ?" ಅಂತ ಚಿಕ್ಕಪ್ಪ ಕೇಳಿದರು. ಹೌದು ಚಿಕ್ಕಪ್ಪ, ಹತ್ತಬೇಕು.

ಸೆಪ್ಟೆಂಬರ್: ಪಾಸ್‌ಪೋರ್ಟ್

ಈ ತಿಂಗಳು ಪೂರ್ತಿ ಪಾಸ್‌ಪೋರ್ಟಿಗೇ ಹೋಯಿತು. ವೀಸಾ ಅಂದ ತಕ್ಷಣ ಎಲ್ಲರೂ ಎಂಬೆಸಿ ಕಡೆ ನೋಡುತ್ತಾರೆ, ಆದರೆ ಜಾಸ್ತಿ ತಲೆನೋವು ಇರುವುದು ಮನೆಯ ಬೀರುವಿನಲ್ಲಿರುವ ಆ ನೀಲಿ ಪುಸ್ತಕದಲ್ಲೇ.

ಅವಧಿ ಮೊದಲು. ನಾವು ಹೋಗುವ ದೇಶಗಳಲ್ಲಿ ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಉಳಿದಿರಬೇಕು. ಗೆಳೆಯನದ್ದು ಮುಂದಿನ ಏಪ್ರಿಲ್‌ಗೆ ಮುಗಿಯುತ್ತದೆ. ಜನವರಿಗೆ ಅದು ಚಾಲ್ತಿಯಲ್ಲೇ ಇರುತ್ತದೆ, ಆದರೂ ಉಪಯೋಗಕ್ಕಿಲ್ಲ, ಬೆಂಗಳೂರಿನ ಚೆಕ್‌ಇನ್ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಖಾಲಿ ಪುಟ. ಲಾವೋಸ್‌ನಲ್ಲೂ ಕಾಂಬೋಡಿಯಾದಲ್ಲೂ ಗಡಿಯಲ್ಲಿ ಕೊಡುವ ವೀಸಾ ಅಂದರೆ ಒಂದು ಸ್ಟಿಕ್ಕರ್, ಅದು ಒಂದು ಇಡೀ ಪುಟ ತಿನ್ನುತ್ತದೆ. ಅದರ ಜೊತೆ ಒಳಬರುವ ಸೀಲು, ಹೊರಹೋಗುವ ಸೀಲು, ಥೈಲ್ಯಾಂಡ್‌ಗೆ ಎರಡು ಸಲ ಹೋಗುವುದರಿಂದ ಅದರದ್ದು ಡಬಲ್. ಸಾಮಾನ್ಯ ಪಾಸ್‌ಪೋರ್ಟ್ 36 ಪುಟ, ಬೇಕಾದವರಿಗೆ 60 ಪುಟದ್ದೂ ಇದೆ. 36ಕ್ಕೆ 1,500 ರೂಪಾಯಿ, 60ಕ್ಕೆ 2,000. ಪದೇ ಪದೇ ಹೊರಗೆ ಹೋಗುವ ಯೋಚನೆ ಇದ್ದರೆ ಆ 500 ರೂಪಾಯಿ ಮುಖ ನೋಡಬೇಡಿ.

ಇನ್ನು ಹೆಸರು. ನಮ್ಮ ಕಡೆಯವರು ಇದನ್ನು ಗಮನವಿಟ್ಟು ಓದಬೇಕು. ಗೆಳೆಯನ ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ ಅನ್ನೋ ಕಡೆ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಕರ್ನಾಟಕದಲ್ಲಿ ಇದು ಮಾಮೂಲು. ಶಾಲೆಯಲ್ಲಿ ಇನಿಷಿಯಲ್ ಹಾಕಿರುತ್ತಾರೆ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಕೆಲವರು ಬಿಡಿಸಿ ಬರೆಯುವ ಬದಲು ಅದನ್ನು ಕೈಬಿಟ್ಟೇ ಬಿಡುತ್ತಾರೆ. ಇಲ್ಲಿ ಓಡಾಡುವಾಗ ಏನೂ ತೊಂದರೆ ಇಲ್ಲ. ಹೊರಗೆ ಹೊರಟಾಗ ಶುರುವಾಗುತ್ತದೆ. ಯುಎಇ 2022ರ ನವೆಂಬರ್‌ನಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳನ್ನು ಬಿಟ್ಟುಕೊಳ್ಳಲ್ಲ ಅಂದಿತು. ಆಮೇಲೆ ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಸರಿ ಅಂತ ಸಡಿಲಿಸಿದರು. ಅಮೆರಿಕದ ವೀಸಾದಲ್ಲಂತೂ ಇರುವ ಒಂದು ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಗಿವನ್ ನೇಮ್ ಕಡೆ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಬರೆದು ಕೊಡುತ್ತಾರೆ. ಏರ್‌ಲೈನ್‌ಗಳು ಒಂದೊಂದೂ ಒಂದೊಂದು ಥರ, ಒಬ್ಬರು ಅದೇ ಹೆಸರನ್ನು ಎರಡು ಸಲ ಹಾಕಿ ಅಂತಾರೆ, ಇನ್ನೊಬ್ಬರು ಬೇರೆ ಏನೋ ಅಂತಾರೆ.

ಹೇಗೂ ಅವನ ಪಾಸ್‌ಪೋರ್ಟ್ ರೀ-ಇಶ್ಯೂ ಆಗಬೇಕಿತ್ತಲ್ಲ, ಅದರ ಜೊತೆಗೇ ಸರ್‌ನೇಮ್ ಸೇರಿಸಿಕೊಂಡ. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿದ ಪೂರ್ತಿ ಹೆಸರಿತ್ತು, ಅದು ಕೈಹಿಡಿಯಿತು. ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರದಲ್ಲಿ ಕೆಲಸ ಬೇಗ ಮುಗಿಯಿತು, ಪೊಲೀಸ್ ವೆರಿಫಿಕೇಶನ್ ಕೂಡ ಆಯಿತು. ಪಾಸ್‌ಪೋರ್ಟ್ ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು, ಕೊನೇ ಗಳಿಗೆಯವರೆಗೆ ಕಾಯುವ ಅಗತ್ಯವೇ ಇಲ್ಲ.

ಚಿಕ್ಕಪ್ಪನದ್ದು ಬೇರೆ ಕಥೆ. ಅವರು ಎಸ್ಸೆಸ್ಸೆಲ್ಸಿ ಪಾಸ್ ಆಗಿಲ್ಲ, ಹಾಗಾಗಿ ಹಳೇ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ ಇತ್ತು. ಹತ್ತನೇ ಕ್ಲಾಸ್ ಆಗದವರು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮೊದಲೇ ಸರ್ಕಾರದ ಕ್ಲಿಯರೆನ್ಸ್ ತಗೊಳ್ಳಬೇಕು ಅನ್ನೋ ನಿಯಮದ ಗುರುತು ಅದು. ಗಲ್ಫ್‌ನಲ್ಲಿ ನಮ್ಮ ಕೂಲಿಯವರಿಗೆ ಮೋಸ ಆಗದಿರಲಿ ಅಂತ ಮಾಡಿದ್ದು. ಪಟ್ಟಿಯಲ್ಲಿ 18 ದೇಶಗಳಿವೆ, ಥೈಲ್ಯಾಂಡ್, ಮಲೇಶಿಯಾ, ಇಂಡೋನೇಶಿಯಾ ಕೂಡ ಅದರಲ್ಲಿವೆ. ಪ್ರವಾಸಕ್ಕೆ ಹೋಗುವವರಿಗೆ ಆ ಕ್ಲಿಯರೆನ್ಸ್ ಬೇಡ, ಆದರೆ ಇಮಿಗ್ರೇಶನ್‌ನಲ್ಲಿ ರಿಟರ್ನ್ ಟಿಕೆಟ್, ಹೋಟೆಲ್ ಬುಕಿಂಗ್ ತೋರಿಸಿ ಅಂತ ಜಾಸ್ತಿ ಪ್ರಶ್ನೆ ಬರಬಹುದು. 50 ವರ್ಷ ದಾಟಿದವರಿಗೆ ಇಸಿಆರ್ ಅನ್ವಯಿಸುವುದಿಲ್ಲ. ಚಿಕ್ಕಪ್ಪನಿಗೆ ಅದು ಗೊತ್ತೇ ಇರಲಿಲ್ಲ! ಹೊಸ ಪಾಸ್‌ಪೋರ್ಟ್ ಬಂದಾಗ ಆ ಗುರುತು ಇಲ್ಲ. ಈಗ ಎರಡೆರಡು ಸಲ ತೆಗೆದು ನೋಡಿಕೊಳ್ಳುತ್ತಿದ್ದಾರೆ.

ಅಕ್ಟೋಬರ್: ಗೇಟುಗಳು

ಥೈಲ್ಯಾಂಡ್ ಸುಲಭ. 2023ರ ನವೆಂಬರ್‌ವರೆಗೆ ನಮ್ಮವರು ಏರ್‌ಪೋರ್ಟ್‌ನಲ್ಲಿ ಇಳಿದು ಕ್ಯೂ ನಿಂತು 2,000 ಬಾಟ್ ಕಟ್ಟಿ 15 ದಿನದ ವೀಸಾ ತಗೊಳ್ಳುತ್ತಿದ್ದರು. ಆಮೇಲೆ ವೀಸಾ ತೆಗೆದು 30 ದಿನ ಕೊಟ್ಟರು, 2024ರ ಜುಲೈ 15ರಿಂದ 60 ದಿನ. ಪ್ರವಾಸಿಗಳು ಬೇಕು ಅಂದಾಗ ಕೊಡುತ್ತಾರೆ, ಸಾಕು ಅಂದಾಗ ಕಿತ್ತುಕೊಳ್ಳುತ್ತಾರೆ, ಆದ್ದರಿಂದ ಟಿಕೆಟ್ ಮಾಡುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಬೇಕು. ವೀಸಾ ಇಲ್ಲ ಅಂದಮಾತ್ರಕ್ಕೆ ಕಾಗದ ಇಲ್ಲ ಅಂತಲ್ಲ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ತುಂಬಲೇಬೇಕು, ಅದನ್ನು ಟಿಡಿಎಸಿ ಅಂತಾರೆ. ಪೂರ್ತಿ ಉಚಿತ. ದುಡ್ಡು ಕೇಳಿದ ಸೈಟ್ ಸರ್ಕಾರದ್ದಲ್ಲ ಅಂತ ತಿಳಿದುಕೊಳ್ಳಿ. ತಲುಪುವುದಕ್ಕೆ ಮೂರು ದಿನ ಇರುವಾಗ ತುಂಬುವುದು. ನಾಂ ಪೆನ್‌ನಿಂದ ವಾಪಸ್ ಬ್ಯಾಂಕಾಕ್‌ಗೆ ಬರುವಾಗ ಇನ್ನೊಂದು ತುಂಬಬೇಕು, ಹಳೇದು ನಡೆಯಲ್ಲ.

ಲಾವೋಸ್‌ಗೆ ರೈಲಿನಲ್ಲೇ ಹೋಗುವುದು. 2024ರ ಜುಲೈನಿಂದ ಬ್ಯಾಂಕಾಕ್‌ನ ಹೊಸ ಸ್ಟೇಷನ್ ಕ್ರುಂಗ್ ಥೇಪ್ ಅಪಿವಾಟ್‌ನಿಂದ ನೇರ ರೈಲು ಇದೆ, 133 ನಂಬರು, ರಾತ್ರಿ ಎಂಟೂವರೆಗೆ ಸ್ವಲ್ಪ ಮೊದಲು ಹೊರಟು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ವಿಯೆಂಟಿಯಾನ್‌ನ ಖಾಮ್ಸವಾತ್ ಸ್ಟೇಷನ್. ಥೈಲ್ಯಾಂಡ್‌ನಿಂದ ಹೊರಹೋಗುವ ಸೀಲು ನೋಂಗ್ ಖಾಯ್‌ನಲ್ಲಿ, ಎಲ್ಲರೂ ಇಳಿದು ಹಾಕಿಸಿಕೊಂಡು ಮತ್ತೆ ಹತ್ತಬೇಕು. ಲಾವೋಸ್‌ನ ಸೀಲು ಖಾಮ್ಸವಾತ್‌ನಲ್ಲಿ, ವೀಸಾನೂ ಅಲ್ಲೇ ಕೊಡುತ್ತಾರೆ. ಲಾವೋಸ್‌ನ ಇ-ವೀಸಾ ಎಲ್ಲ ಗೇಟಿನಲ್ಲೂ ನಡೆಯಲ್ಲ, ಅದಕ್ಕೇ ನಾವು ಅಲ್ಲಿ ಇಳಿದೇ ವೀಸಾ ತಗೊಳ್ಳುತ್ತೇವೆ. ಬೇಕಾಗಿರುವುದು ಫೋಟೋ ಮತ್ತೆ ಡಾಲರ್. ನೋಟು ಹೊಸದಿರಬೇಕು, ಹರಿದದ್ದು, ಪೆನ್ನಿನಲ್ಲಿ ಗೀಚಿದ್ದು ಮುಟ್ಟುವುದಿಲ್ಲ. ಅಂದಹಾಗೆ ಚೀನಾ ಲೈನಿನ ಸ್ಟೇಷನ್ ಬೇರೆ ಕಡೆ ಇದೆ, ಇದು ಮೀಟರ್ ಗೇಜ್, ಅದು ಸ್ಟ್ಯಾಂಡರ್ಡ್ ಗೇಜ್, ಎರಡಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಟಿಕೆಟ್ ತಗೊಳ್ಳೋಕೂ ಪಾಸ್‌ಪೋರ್ಟ್ ಬೇಕು, ಬ್ಯಾಗು ಸ್ಕ್ಯಾನ್ ಮಾಡಿ ಕತ್ತರಿ, ಸ್ಪ್ರೇ ಡಬ್ಬಿ ಎಲ್ಲ ತೆಗೆದಿಟ್ಟುಕೊಳ್ಳುತ್ತಾರೆ.

ನಿಜವಾದ ಕೆಲಸ ಇದ್ದಿದ್ದು ವಿಯೆಟ್ನಾಂನಲ್ಲಿ. 2023ರ ಆಗಸ್ಟ್ 15ರಿಂದ ಎಲ್ಲ ದೇಶದವರಿಗೂ 90 ದಿನದವರೆಗಿನ ಇ-ವೀಸಾ ಕೊಡುತ್ತಾರೆ. ಒಂದು ಸಲ ಒಳಹೋಗುವುದಕ್ಕೆ 25 ಡಾಲರ್, ಹಲವು ಸಲಕ್ಕೆ 50. ಅರ್ಜಿ ತಿರಸ್ಕಾರವಾದರೂ ದುಡ್ಡು ವಾಪಸ್ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದೆಲ್ಲ ಏಜೆಂಟರ ಸೈಟ್, ನೋಡೋಕೆ ಸರ್ಕಾರದ್ದೇ ಥರ, ರೇಟು ಮಾತ್ರ ಎಷ್ಟೋ ಪಟ್ಟು. ಸರ್ಕಾರದ ವಿಳಾಸ 'ಜಿಒವಿ ಡಾಟ್ ವಿಎನ್' ಅಂತ ಮುಗಿಯುತ್ತದೆ, ಬೇರೆ ಏನಿದ್ದರೂ ಮುಚ್ಚಿಬಿಡಿ.

ಅರ್ಜಿಯಲ್ಲಿ ಒಳಹೋಗುವ ಗೇಟು ಯಾವುದು ಅಂತ ಆರಿಸಬೇಕು. ವೀಸಾದ ಮೇಲೆ ಅದೇ ಪ್ರಿಂಟ್ ಆಗುತ್ತದೆ. ಹನೋಯ್ ಏರ್‌ಪೋರ್ಟ್ ಅಂತ ಹಾಕಿ ಬಸ್ಸಿನಲ್ಲಿ ಹೋಗಿ ನಿಂತರೆ ಒಳಗೆ ಬಿಡೋದಿಲ್ಲ. ವಿಯೆಂಟಿಯಾನ್‌ನಿಂದ ಹನೋಯ್‌ಗೆ ಹೋಗುವ ರಾತ್ರಿ ಬಸ್ಸುಗಳಲ್ಲಿ ಕಾವ್ ಟ್ರೆಯೋ ಗೇಟು ದಾಟುವವು ಇವೆ, ಆದ್ದರಿಂದ ನಾವು ಹಾಕಿದ್ದು ಕಾವ್ ಟ್ರೆಯೋ. ಬಸ್ಸು ಬುಕ್ ಮಾಡುವ ಮುಂಚೆ ಯಾವ ಗೇಟಿನಿಂದ ಹೋಗುತ್ತೆ ಅಂತ ಬರವಣಿಗೆಯಲ್ಲಿ ಕೇಳಿಕೊಂಡೆವು. ಹೊರಬರುವುದು ಸೈಗಾನ್ ಕಡೆಯ ಮೊಕ್ ಬಾಯ್, ಅದರ ಆಚೆ ಕಾಂಬೋಡಿಯಾದ ಬಾವೆಟ್.

ತಾರೀಖಿನ ವಿಷಯ ಇನ್ನೊಂದು. ವೀಸಾ ಶುರುವಾಗುವ ದಿನಕ್ಕಿಂತ ಒಂದು ಗಂಟೆ ಮುಂಚೆ ಹೋದರೂ ಒಳಗೆ ಬಿಡುವುದಿಲ್ಲ. ಬಸ್ಸು ಗಡಿಗೆ ತಲುಪುವುದು ಬೆಳಗಿನ ಜಾವ, ಗೇಟು ತೆಗೆಯುವವರೆಗೆ ಅಲ್ಲೇ ನಿಂತಿರುತ್ತದೆ. ದಿನ ಹೆಚ್ಚು ಕೇಳಿದರೂ 25 ಡಾಲರ್ರೇ, ಹಾಗಿದ್ದ ಮೇಲೆ ನಾವು ಅಂದುಕೊಂಡ ದಿನಕ್ಕಿಂತ ಕೆಲವು ದಿನ ಹಿಂದಿನಿಂದ ಶುರುಮಾಡಿ, ಕೊನೆಯಲ್ಲೂ ಧಾರಾಳವಾಗಿ ಬಿಟ್ಟಿದ್ದೇವೆ. ಲುವಾಂಗ್ ಪ್ರಬಾಂಗ್ ಇಷ್ಟವಾಗಿ ಒಂದು ದಿನ ಜಾಸ್ತಿ ಕೂತರೂ, ಬೇಸರವಾಗಿ ಬೇಗ ಎದ್ದರೂ ತೊಂದರೆ ಇಲ್ಲ.

ನವೆಂಬರ್

ವಿಯೆಟ್ನಾಂ ಅರ್ಜಿ ಹಾಕಿದೆವು. ಹೆಸರು ತುಂಬುವಾಗ ಫೋಟೋ ಇರುವ ಪುಟದ ಕೆಳಗೆ ಎರಡು ಸಾಲಿನ ಕೋಡ್ ಇರುತ್ತಲ್ಲ, ಪಿ, ಐಎನ್‌ಡಿ ಅಂತ ಶುರುವಾಗುವುದು, ಅದನ್ನೇ ನೋಡಿಕೊಂಡು ಅಕ್ಷರ ಅಕ್ಷರ ಹಾಕಿದೆವು. ಗಡಿಯಲ್ಲಿ ಮಿಷನ್ ಓದುವುದು ಅದನ್ನೇ. ಮೂರು ಕೆಲಸದ ದಿನ ಅಂತ ಹೇಳುತ್ತಾರೆ, ಅದನ್ನು ನಂಬಿ ಕೊನೇ ವಾರಕ್ಕೆ ಇಟ್ಟುಕೊಳ್ಳುವುದು ಬೇಡ. ನನ್ನದು, ಗೆಳೆಯನದು ಮೊದಲು ಬಂತು, ಚಿಕ್ಕಪ್ಪನದು ತಡವಾಯಿತು. ಅಷ್ಟು ದಿನವೂ ಅವರು ಬೆಳಿಗ್ಗೆ ಕಾಫಿಗೆ ಮುಂಚೆ ಫೋನ್ ಮಾಡಿ "ಬಂತೇನೋ?" ಅಂತ ಕೇಳುತ್ತಿದ್ದರು.

ಕಾಂಬೋಡಿಯಾಗೆ ಬಾವೆಟ್‌ನಲ್ಲೇ ವೀಸಾ ಸಿಗುತ್ತದೆ, 30 ಡಾಲರ್. ಇ-ವೀಸಾನೂ ಅಲ್ಲಿ ನಡೆಯುತ್ತದೆ. ಬಸ್ಸಿನ ಕಂಡಕ್ಟರ್ ಎಲ್ಲರ ಪಾಸ್‌ಪೋರ್ಟ್ ಒಟ್ಟು ಮಾಡಿಕೊಂಡು ಮೇಲೆ ಕೆಲವು ಡಾಲರ್ ಸೇರಿಸಿ ಕೇಳುವುದು ಅಲ್ಲಿ ವಾಡಿಕೆ. ಗೆಳೆಯ ಕೊಡಲ್ಲ, ಕ್ಯೂ ನಿಲ್ತೀನಿ ಅಂತಾನೆ. ನನ್ನ ಪ್ರಕಾರ ಕೊಟ್ಟುಬಿಡಬೇಕು, ಬಸ್ಸು ನಮಗೋಸ್ಕರ ಕಾಯುತ್ತೆ ಅನ್ನೋ ಗ್ಯಾರಂಟಿ ಏನು? ಇದು ಇನ್ನೂ ಇತ್ಯರ್ಥ ಆಗಿಲ್ಲ.

ದುಡ್ಡಿನ ಲೆಕ್ಕ. ಆರ್‌ಬಿಐ ನಿಯಮದಂತೆ ಒಂದು ಪ್ರವಾಸಕ್ಕೆ ಒಬ್ಬರು 3,000 ಡಾಲರ್‌ವರೆಗೆ ನೋಟಿನಲ್ಲಿ ಒಯ್ಯಬಹುದು, ನಮಗೆ ಅದರ ಹತ್ತಿರವೂ ಬೇಕಿಲ್ಲ. ನಮ್ಮ ರೂಪಾಯಿ 25,000ದವರೆಗೆ ಜೇಬಿನಲ್ಲಿದ್ದರೆ ಪರವಾಗಿಲ್ಲ. ಫಾರೆಕ್ಸ್ ಅಂಗಡಿಯಲ್ಲಿ ಸಣ್ಣ ನೋಟು ಕೇಳಿ ತಗೊಳ್ಳಿ, 100ರ ನೋಟು ಕೊಟ್ಟರೆ ಗಡಿಯಲ್ಲಿ ಚಿಲ್ಲರೆ ಅವರಿಗೆ ತೋಚಿದ ಕರೆನ್ಸಿಯಲ್ಲಿ ಬರುತ್ತದೆ.

ಡಿಸೆಂಬರ್

ಥಾಯ್ ಕಾಂಬೋಡಿಯಾ ಗಡಿಯಲ್ಲಿ ಮತ್ತೆ ಕಾಳಗ. ನಾಂ ಪೆನ್‌ನಿಂದ ಬ್ಯಾಂಕಾಕ್‌ಗೆ ವಿಮಾನದ ಟಿಕೆಟ್ ತಗೊಂಡಿದ್ದೇ ಸರಿಹೋಯಿತು. ಸೆಪ್ಟೆಂಬರ್‌ನಲ್ಲಿ ಶುರುವಾದ ಹೊಸ ತೆಚೊ ಏರ್‌ಪೋರ್ಟ್‌ನಿಂದ ಹೊರಡಬೇಕು, ಊರಿನಿಂದ ದೂರ, ಹಳೇ ಏರ್‌ಪೋರ್ಟ್ ಲೆಕ್ಕದಲ್ಲಿ ಬರೆದ ಹಳೇ ಬ್ಲಾಗುಗಳನ್ನು ನಂಬುವ ಹಾಗಿಲ್ಲ. ಈ ಟಿಕೆಟಿನಿಂದ ಇನ್ನೊಂದು ಲಾಭ. ಬೆಂಗಳೂರಿನ ಕೌಂಟರ್‌ನಲ್ಲಿ "ಥೈಲ್ಯಾಂಡ್‌ನಿಂದ ಹೇಗೆ ವಾಪಸ್ ಬರ್ತೀರಾ" ಅಂತ ಕೇಳಿದರೆ ರೈಲು, ಬಸ್ಸು ಅಂತ ಕಥೆ ಹೇಳುವ ಬದಲು 133ನೇ ನಂಬರ್ ರೈಲಿನ ಟಿಕೆಟ್, ಈ ವಿಮಾನದ ಟಿಕೆಟ್, ಬೆಂಗಳೂರಿನ ರಿಟರ್ನ್ ಟಿಕೆಟ್ ಮೂರನ್ನೂ ಜೊತೆಗೆ ತೋರಿಸಬಹುದು.

ಎಲ್ಲದರ ಪ್ರಿಂಟ್ ತೆಗೆದು ಗೇಟಿನ ಕ್ರಮದಲ್ಲಿ ಮೂರು ಫೈಲು ಮಾಡಿದ್ದೇನೆ. ಚಿಕ್ಕಪ್ಪನ ಫೈಲಿನಲ್ಲಿ ಅಕ್ಷರ ದೊಡ್ಡದು. ಉಳಿದಿರುವುದು ಹೊಸ ಫೋಟೋ, ಸಣ್ಣ ಡಾಲರ್ ನೋಟು, ಮತ್ತೆ ಹೊರಡುವುದಕ್ಕೆ ಮೂರು ದಿನ ಮೊದಲು ಟಿಡಿಎಸಿ. ಅದಾದ ಮೇಲೆ ಮುಂದಿನ ಅಪ್‌ಡೇಟ್ ನೋಂಗ್ ಖಾಯ್‌ನಿಂದ, ಅಲ್ಲಿ ಸಿಗ್ನಲ್ ಇದ್ದರೆ.