ಸ್ಕಾಟ್ಲೆಂಡಿನ ತೋಟಗಳಿಗೆ ಹೊರಡುವವರಿಗೆ: ವಾರ ಮೊದಲು, ನಕ್ಷೆ ಆಮೇಲೆ

ಮಗಳು ಎಡಿನ್‌ಬರೋದಲ್ಲಿ ಓದುತ್ತಿದ್ದ ನೆಪದಲ್ಲಿ ನಾನೂ ನನ್ನ ಹೆಂಡತಿಯೂ ಜೂನ್ ತಿಂಗಳಲ್ಲಿ ಹನ್ನೆರಡು ದಿನ ಸ್ಕಾಟ್ಲೆಂಡಿನಲ್ಲಿದ್ದೆವು. ಕೋಟೆ, ಸರೋವರ, ವಿಸ್ಕಿ ಭಟ್ಟಿಗಳ ಮಾಮೂಲಿ ಸುತ್ತನ್ನು ಕೈಬಿಟ್ಟು, ತೋಟಗಳು, ಬಯಲಿನ ಶಿಲ್ಪವನಗಳು ಮತ್ತು ಹಳೆಯ ಜಮೀನ್ದಾರಿ ಮನೆತನಗಳ ಆವರಣಗಳನ್ನಷ್ಟೇ ನೋಡುವುದೆಂದು ನಿಶ್ಚಯಿಸಿದ್ದೆವು. ಹೊರಡುವ ಮುನ್ನ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಕ್ಷೆ ಹರಡಿಕೊಂಡು, ಹತ್ತಿರ ಹತ್ತಿರದ ಸ್ಥಳಗಳನ್ನು ಒಂದೊಂದು ದಿನಕ್ಕೆ ಜೋಡಿಸಿ, ಬಹಳ ಅಚ್ಚುಕಟ್ಟಾದ ಪಟ್ಟಿಯೊಂದನ್ನು ತಯಾರಿಸಿದ್ದೆ. ಮೂರನೆಯ ದಿನವೇ ಒಂದು ತೋಟದ ಬೀಗ ಹಾಕಿದ ಗೇಟಿನ ಮುಂದೆ ಮಳೆಯಲ್ಲಿ ನಿಂತು, ಅದು ವಾರದ ಕೊನೆಯ ದಿನಗಳಲ್ಲಿ ಮಾತ್ರ ತೆರೆದಿರುತ್ತದೆಂಬ ಫಲಕವನ್ನು ಓದಬೇಕಾಯಿತು. ಅಲ್ಲಿನ ಅನೇಕ ತೋಟಗಳು ಇಂದಿಗೂ ಖಾಸಗಿ ಸ್ವತ್ತುಗಳು. ಕೆಲವು ಬೇಸಗೆಯಲ್ಲಿ ಮಾತ್ರ, ಅದರಲ್ಲೂ ವಾರದ ಕೆಲವೇ ದಿನ ತೆರೆಯುತ್ತವೆ. ಡಂಫ್ರೀಸ್ ಬಳಿಯ ಪೋರ್ಟ್ರ್ಯಾಕ್ ಹೌಸ್‌ನಲ್ಲಿ ಭೂವಿನ್ಯಾಸಕಾರ ಚಾರ್ಲ್ಸ್ ಜೆಂಕ್ಸ್ ರೂಪಿಸಿದ, ವಿಶ್ವವಿಜ್ಞಾನವನ್ನೇ ವಸ್ತುವಾಗಿಸಿಕೊಂಡ ತೋಟವಂತೂ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ದಿನ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತದೆ. ಆದ್ದರಿಂದ ನಿಮಗೆ ತಪ್ಪಿಸಿಕೊಳ್ಳಬಾರದೆನಿಸಿದ ಎರಡು ಮೂರು ತೋಟಗಳ ತೆರೆಯುವ ದಿನಗಳನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ವಿಮಾನದ ಟಿಕೆಟ್ ಅದರ ನಂತರದ ಮಾತು.

ಮೊದಲ ದಿನವನ್ನು ಎಡಿನ್‌ಬರೋಗೇ ಮೀಸಲಿಡುವುದು ಒಳ್ಳೆಯದು. ಪ್ರಯಾಣದ ದಣಿವಿನಲ್ಲೂ ನಡೆಯಬಹುದಾದ ಹಾದಿಯೊಂದು ಅಲ್ಲಿದೆ, ಖರ್ಚೂ ಇಲ್ಲ. ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿಯ ಮುಂದಿನ ಹುಲ್ಲುಹಾಸನ್ನು ಇದೇ ಜೆಂಕ್ಸ್ 2002ರಲ್ಲಿ ಸುರುಳಿ ದಿಬ್ಬಗಳೂ ಬಾಗಿದ ಕೊಳಗಳೂ ಇರುವ ಭೂಶಿಲ್ಪವನ್ನಾಗಿ ಮಾರ್ಪಡಿಸಿದ್ದಾರೆ. ಗೇಟಿನ ಬಳಿ ಕಾಲುದಾರಿಯಲ್ಲಿ ಎದೆಯವರೆಗೆ ನೆಲದಲ್ಲಿ ಹೂತಂತಿರುವ ಕಬ್ಬಿಣದ ಮನುಷ್ಯನೊಬ್ಬನಿದ್ದಾನೆ. ಶಿಲ್ಪಿ ಆಂಟನಿ ಗಾರ್ಮ್ಲಿಯ ಆರು ಆಕೃತಿಗಳಲ್ಲಿ ಅವನು ಮೊದಲನೆಯವನು. ಉಳಿದವರು ಲೀತ್ ನದಿಯ ಗುಂಟ ಸಮುದ್ರದವರೆಗೆ ಅಲ್ಲಲ್ಲಿ ನಿಂತಿದ್ದಾರೆ. ಆ ನದಿಯ ಪಕ್ಕದ ಕಾಲುದಾರಿಯಲ್ಲೇ ಡೀನ್ ವಿಲೇಜ್, ಸ್ಟಾಕ್‌ಬ್ರಿಜ್ ದಾಟಿ ನಿಧಾನವಾಗಿ ನಡೆದರೆ ರಾಯಲ್ ಬೊಟಾನಿಕ್ ಗಾರ್ಡನ್ ತಲುಪಬಹುದು.

1670ರಲ್ಲಿ ಇಬ್ಬರು ವೈದ್ಯರು ಔಷಧಿ ಗಿಡಗಳಿಗಾಗಿ ಆರಂಭಿಸಿದ ತೋಟ ಇದು. ಹೊರಗಿನ ತೋಟಕ್ಕೆ ಪ್ರವೇಶಧನವಿಲ್ಲ. ಗಾಜಿನಮನೆಗಳ ದುರಸ್ತಿ ವರ್ಷಗಳಿಂದ ನಡೆದಿರುವುದರಿಂದ ಅವು ತೆರೆದಿವೆಯೇ ಎಂದು ವಿಚಾರಿಸಿಕೊಂಡು ಹೋಗಿ. ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಗುಲಾಬಿಯೂ ಅಲ್ಲ, ಕಲ್ಲುತೋಟವೂ ಅಲ್ಲ; ಹೂವಿನ ಪಾತಿಗಳ ಹಿಂದೆ ಎರಡಾಳೆತ್ತರವನ್ನೂ ಮೀರಿ ಗೋಡೆಯಂತೆ ಬೆಳೆದು ನಿಂತಿರುವ ಬೀಚ್ ಮರಗಳ ಬೇಲಿ. ಈ ತೋಟಕ್ಕೂ ನಮಗೂ ಒಂದು ಹಳೆಯ ನಂಟಿದೆ. 1845ರಿಂದ ಎರಡು ವರ್ಷ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡ್ ಮೂಲದ ಹ್ಯೂ ಕ್ಲೆಗಾರ್ನ್, ಸುತ್ತಲಿನ ಗಿಡಗಳ ಚಿತ್ರಗಳನ್ನು ಸ್ಥಳೀಯ ಕಲಾವಿದನೊಬ್ಬನಿಂದ ಬರೆಸಿದ. ಆ ಚಿತ್ರಗಳು ಈಗ ಇರುವುದು ಈ ತೋಟದ ಸಂಗ್ರಹದಲ್ಲಿ. ಸುಮ್ಮನೆ ಅಡ್ಡಾಡಲು ಹೋದವರ ಕಣ್ಣಿಗೆ ಅವು ಬೀಳುವುದಿಲ್ಲ. ಆಸಕ್ತಿಯುಳ್ಳವರು ಮುಂಚಿತವಾಗಿ ಗ್ರಂಥಾಲಯಕ್ಕೆ ಪತ್ರ ಬರೆದು ಕೇಳಬೇಕು. ನಾನು ಬರೆದಿರಲಿಲ್ಲ. ಶಿವಮೊಗ್ಗದ ಸೀಮೆಯವನಾಗಿಯೂ ಅದನ್ನು ಮರೆತದ್ದಕ್ಕೆ ಈಗಲೂ ಕಸಿವಿಸಿಯಾಗುತ್ತದೆ.

ನಗರದಿಂದ ಪಶ್ಚಿಮಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಬಾನಿಂಗ್ಟನ್ ಹೌಸ್ ಎಂಬ ಹಳೆಯ ಬಂಗಲೆಯ ಸುತ್ತಲಿನ ಹೊಲ ಮತ್ತು ಕಾಡಿನಲ್ಲಿರುವ ಜೂಪಿಟರ್ ಆರ್ಟ್‌ಲ್ಯಾಂಡ್ ಎಂಬ ಶಿಲ್ಪವನ 2009ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಎಡಿನ್‌ಬರೋದಿಂದ ಅತ್ತ ಹೋಗುವ ಬಸ್ಸಿನಲ್ಲಿ ಕುಳಿತು, ಇಳಿಯಬೇಕಾದ ಸ್ಥಳವನ್ನು ಚಾಲಕನಿಗೆ ಮೊದಲೇ ಹೇಳಿಟ್ಟರೆ ಸಾಕು. ಒಳಹೊಕ್ಕ ಕೂಡಲೇ ದಾರಿಯ ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಹಸಿರು ದಿಬ್ಬಗಳೂ ನಡುವೆ ಕೊಳಗಳೂ ಕಾಣುತ್ತವೆ. ಜೀವಕೋಶವೊಂದು ಒಡೆದು ಎರಡಾಗುವುದನ್ನು ಜೆಂಕ್ಸ್ ಇಲ್ಲಿ ಮಣ್ಣಿನಲ್ಲಿ ತೋರಿಸಿದ್ದಾರೆ. ಕಾಡಿನೊಳಗೆ ಮುಖ ಮುಚ್ಚಿಕೊಂಡು ಅಳುವ ಹುಡುಗಿಯರಿದ್ದಾರೆ, ಮರಕ್ಕೆ ಒರಗಿಸಿಟ್ಟ ಭಾರೀ ಬಂದೂಕವಿದೆ. ಮುಂದೇನು ಎದುರಾಗುತ್ತದೆಂದು ತಿಳಿಯದೆ ನಡೆಯುವುದೇ ಅಲ್ಲಿನ ಸುಖವಾದ್ದರಿಂದ ಎಲ್ಲವನ್ನೂ ಇಲ್ಲಿ ಹೇಳಿಬಿಡುವುದು ಸರಿಯಲ್ಲ. ಒಂದನ್ನು ಮಾತ್ರ ಹೇಳದಿರಲಾರೆ. ಶಿಲ್ಪಿ ಆಂಡಿ ಗೋಲ್ಡ್ಸ್‌ವರ್ದಿ ಕಟ್ಟಿದ ಕಲ್ಲಿನ ಮನೆ ಹೊರಗಿನಿಂದ ದನದ ಕೊಟ್ಟಿಗೆಯಷ್ಟು ಸಾಧಾರಣವಾಗಿದೆ. ಬಾಗಿಲು ದಾಟಿ ಕಾಲಿಟ್ಟರೆ ಕೆಳಗೆ ನೆಲಗಟ್ಟೇ ಇಲ್ಲ. ಮಣ್ಣು ತೆಗೆದು ಬಯಲಾಗಿಸಿದ ಹಾಸುಬಂಡೆ, ಏರುತಗ್ಗುಗಳೊಂದಿಗೆ, ಇದ್ದ ಹಾಗೆಯೇ ಇದೆ. ಹೊರಗಿನ ಬೆಳಕಿನಿಂದ ಬಂದವರಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ಪಾದಕ್ಕೆ ಅದು ತಿಳಿಯುತ್ತದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತು, ‘ಚಪ್ಪಲಿ ಬಿಡಬೇಕಿತ್ತೇನೋ’ ಎಂದಳು. ಈ ವನಕ್ಕೆ ಕಡಿಮೆಯೆಂದರೂ ಮೂರು ಗಂಟೆ ಬೇಕು.

ಇಡೀ ಪ್ರವಾಸದಲ್ಲಿ ಒಂದೇ ಸ್ಥಳಕ್ಕೆ ಮತ್ತೆ ಹೋಗಬಹುದೆಂದರೆ ನಾನು ಆಯ್ದುಕೊಳ್ಳುವುದು ಲಿಟಲ್ ಸ್ಪಾರ್ಟಾವನ್ನು. ಪೆಂಟ್‌ಲ್ಯಾಂಡ್ ಗುಡ್ಡಗಳ ಬೋಳು ಇಳಿಜಾರಿನಲ್ಲಿದ್ದ ಸ್ಟೋನಿಪಾತ್ ಎಂಬ ತೋಟದ ಮನೆಗೆ ಕವಿ ಇಯಾನ್ ಹ್ಯಾಮಿಲ್ಟನ್ ಫಿನ್ಲೆ 1966ರಲ್ಲಿ ಸಂಸಾರ ಸಮೇತ ಬಂದ. 2006ರಲ್ಲಿ ತೀರಿಕೊಳ್ಳುವವರೆಗೂ ಮರ ನೆಡುತ್ತ, ಕೊಳ ತೋಡಿಸುತ್ತ, ತನ್ನ ಮಾತುಗಳನ್ನು ಕಲ್ಲಿಗೂ ಮರಕ್ಕೂ ಏರಿಸುತ್ತ ಅದನ್ನು ಬೆಳೆಸಿದ. ಕೆತ್ತನೆಯ ಕೆಲಸವನ್ನು ನುರಿತ ಕುಶಲಕರ್ಮಿಗಳು ಮಾಡುತ್ತಿದ್ದರು. ತನ್ನ ತೋಟದ ಕಟ್ಟಡ ಗ್ಯಾಲರಿಯಲ್ಲ, ದೇವಾಲಯ, ಆದ್ದರಿಂದ ತೆರಿಗೆ ಸಲ್ಲದು ಎಂದು ವಾದಿಸಿ ಅವನು ಸ್ಥಳೀಯ ಆಡಳಿತದೊಂದಿಗೆ ವರ್ಷಗಟ್ಟಲೆ ಜಗಳವಾಡಿದ. 1983ರ ಫೆಬ್ರವರಿಯಲ್ಲಿ ಜಪ್ತಿಗೆ ಬಂದ ಅಧಿಕಾರಿಯನ್ನು ಬೆಂಬಲಿಗರ ಜೊತೆ ನಿಂತು ಎದುರಿಸಿ, ಅದನ್ನು ಯುದ್ಧವೆಂದೇ ಕರೆದು ಸ್ಮಾರಕವನ್ನೂ ನಿಲ್ಲಿಸಿದ. ಎಡಿನ್‌ಬರೋವನ್ನು ಉತ್ತರದ ಅಥೆನ್ಸ್ ಎಂದು ಕರೆಯುವ ವಾಡಿಕೆಯಿರುವುದರಿಂದ, ಇವನ ತೋಟ ಪ್ರಾಚೀನ ಗ್ರೀಸಿನಲ್ಲಿ ಅಥೆನ್ಸಿನ ಎದುರಾಳಿಯಾಗಿದ್ದ ಸ್ಪಾರ್ಟಾ ಆಯಿತು.

ಇಲ್ಲಿ ಶಾಸನ ಓದುವ ತಾಳ್ಮೆ ಬೇಕು. ಎಷ್ಟೋ ಕಲ್ಲುಗಳು ಹುಲ್ಲಿನ ಮಟ್ಟದಲ್ಲಿವೆ, ಬಗ್ಗಿ ಪಾಚಿಯ ನಡುವೆ ಅಕ್ಷರ ಹುಡುಕಬೇಕು. ಮೇಲಿನ ಕೆರೆಯ ದಡದಲ್ಲಿ ನಯಗೊಳಿಸಿದ ಕಪ್ಪು ಸ್ಲೇಟಿನ ಚಪ್ಪಡಿಯೊಂದು ನಿಂತಿದೆ. ನಮ್ಮೂರ ಕಡೆಯ ವೀರಗಲ್ಲೋ ಮಾಸ್ತಿಗಲ್ಲೋ ಎಂಬಂತೆ ತೋರಿ, ಹತ್ತಿರ ಹೋದೆ. ಅದು ಅಣುಶಕ್ತಿ ಸಬ್‌ಮರೀನು ನೀರಿನಿಂದ ಮೇಲೆ ಎತ್ತಿದ ಗೋಪುರದ ಆಕಾರ. ಅದರಾಚೆ ಗುಡ್ಡದಲ್ಲಿ ಕುರಿಗಳು ಮೇಯುತ್ತಿದ್ದವು.

ಅಲ್ಲಿಗೆ ಹೋಗುವುದು ಸುಲಭವಲ್ಲ. ಬೇಸಗೆಯ ಕೆಲವೇ ತಿಂಗಳು, ವಾರದ ಕೆಲವೇ ದಿನ ತೆರೆದಿರುತ್ತದೆ. ಟಿಕೆಟ್ ಮುಂಗಡವಾಗಿ ಕೊಳ್ಳಬೇಕು. ಕಾರು ನಿಲ್ಲಿಸಿದ ಮೇಲೆ ಒರಟು ದಾರಿಯಲ್ಲಿ ಏರು ನಡಿಗೆಯಿದೆ, ಮಂಡಿನೋವಿನವರು ಯೋಚಿಸಬೇಕು. ಬಸ್ಸನ್ನು ನಂಬಬೇಡಿ. ನಾವು ಟ್ಯಾಕ್ಸಿಯಲ್ಲಿ ಹೋಗಿ, ಹಿಂದಿರುಗುವಾಗ ಫೋನ್ ಮಾಡಿ ಕರೆದರಾಯಿತೆಂದುಕೊಂಡಿದ್ದೆವು. ಫೋನಿಗೆ ಸಿಗ್ನಲ್ ಸಿಗಲಿಲ್ಲ. ಕೊನೆಗೆ ಗ್ಲಾಸ್ಗೋದ ವೃದ್ಧ ದಂಪತಿಗಳು ತಮ್ಮ ಕಾರಿನಲ್ಲಿ ಬಸ್ಸು ಸಿಗುವ ಊರಿನವರೆಗೆ ಬಿಟ್ಟರು. ಹೋಗುವಾಗಲೇ ವಾಪಸಿನ ಹೊತ್ತನ್ನೂ ಗೊತ್ತುಮಾಡಿಕೊಳ್ಳಿ. ಅದಕ್ಕಿಂತ, ಧೈರ್ಯವಿದ್ದರೆ ಬಾಡಿಗೆಗೆ ಕಾರು ಪಡೆಯುವುದೇ ಲೇಸು. ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಓಡಿಸುವುದು. ಹಳ್ಳಿಗಾಡಿನಲ್ಲಿ ಒಂದೇ ವಾಹನದ ಅಗಲದ ರಸ್ತೆಗಳಿದ್ದು, ಎದುರಿನವರಿಗೆ ದಾರಿ ಬಿಡಲೆಂದು ಮಾಡಿದ ಜಾಗಗಳಲ್ಲಿ ನಿಂತು ಮುಂದೆ ಹೋಗಬೇಕು. ಕಾರು ನಿಲ್ಲಿಸಿ ಫೋಟೋ ತೆಗೆಯಲು ಆ ಜಾಗಗಳನ್ನು ಬಳಸಬಾರದು.

ಪರ್ತ್‌ನಿಂದ ಕ್ರೀಫ್‌ಗೆ ಹೋಗಿ ನೋಡಬೇಕಾದದ್ದು ಡ್ರಮಂಡ್ ಕಾಸಲ್ ತೋಟ. ಕೋಟೆಮನೆಯೊಳಗೆ ಪ್ರವೇಶವಿಲ್ಲ, ಬೇಕಾಗಿಯೂ ಇಲ್ಲ. ಬೀಚ್ ಮರಗಳ ಉದ್ದನೆಯ ಸಾಲಿನ ನಡುವೆ ಬಂದು ಮೇಲಿನ ಜಗಲಿಯ ಅಂಚಿಗೆ ನಿಂತರೆ, ಕೆಳಗೆ ಸೇಂಟ್ ಆಂಡ್ರೂ ಶಿಲುಬೆಯ, ಎಂದರೆ ಗುಣಾಕಾರದ ಚಿಹ್ನೆಯಂಥ, ಆಕಾರದಲ್ಲಿ ಕತ್ತರಿಸಿದ ಪೊದೆಗಳೂ ಪಾತಿಗಳೂ ದೊಡ್ಡ ರಂಗೋಲಿಯಂತೆ ಹರಡಿರುತ್ತವೆ. ಮಧ್ಯದಲ್ಲಿ ಜಾನ್ ಮಿಲ್ನ್ 1630ರಲ್ಲಿ ಮಾಡಿದ, ಹಲವು ಮುಖಗಳ ಕಲ್ಲಿನ ಸೂರ್ಯಗಡಿಯಾರವಿದೆ. ನಾವಿದ್ದ ಎರಡು ಗಂಟೆಯಲ್ಲಿ ಅದಕ್ಕೆ ಕೆಲಸ ಸಿಕ್ಕಿದ್ದು ಹತ್ತು ನಿಮಿಷ. ಕ್ರೀಫ್‌ನ ಪಶ್ಚಿಮಕ್ಕೆ ಗುಡ್ಡದ ಮೇಲೆ ಕಾಣುವ ಕಲ್ಲುಕಂಬ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ನ ಸ್ಮಾರಕ. 1780ರಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದವನೂ, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆಯಿಟ್ಟ ಪಡೆಯನ್ನು ಮುನ್ನಡೆಸಿದವನೂ ಅವನೇ. ಶ್ರೀರಂಗಪಟ್ಟಣದ ಸೆರೆಮನೆಯ ಕಮಾನುಗಳನ್ನು ಕಂಡವರಿಗೆ ಆ ಕಂಬವನ್ನು ನೋಡುವಾಗ ಬೇರೆಯೇ ಬಗೆಯ ಭಾವನೆ ಹುಟ್ಟುತ್ತದೆ.

ಅಬರ್ಡೀನ್‌ವರೆಗೆ ಹೋಗುವವರು ಕ್ರ್ಯಾಥಿಸ್ ಕಾಸಲ್ ನೋಡಬಹುದು; 1702ರಲ್ಲಿ ನೆಟ್ಟ ಯೂ ಮರದ ಬೇಲಿಗಳು ಈಗ ಮೋಡದ ಗುಪ್ಪೆಗಳಂತೆ ಕಾಣುತ್ತವೆ. ಇಂಥ ಆಸ್ತಿಗಳಲ್ಲಿ ಹಲವನ್ನು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ನೋಡಿಕೊಳ್ಳುವುದರಿಂದ, ಮೂರು ನಾಲ್ಕು ಕಡೆ ಹೋಗುವವರು ಸದಸ್ಯತ್ವದ ಲೆಕ್ಕ ಹಾಕಿ ನೋಡಬೇಕು. ವಾಯವ್ಯದ ಇನ್ವರ್ಯೂ ತೋಟವನ್ನು ದೂರವೆಂದು ನಾವು ಕೈಬಿಟ್ಟೆವು.

ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆಂದು ನಂಬಿ ತಡಮಾಡಬೇಡಿ. ಸಾಮಾನ್ಯವಾಗಿ ಸಂಜೆ ಐದರ ಸುಮಾರಿಗೆ ತೋಟಗಳ ಗೇಟು ಬೀಳುತ್ತದೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ತಲೆ ಮುಚ್ಚುವ ಮಳೆಯಂಗಿಯೂ ನೀರು ಹಿಡಿಯದ ಬೂಟೂ ಬೇಕು. ಗಾಳಿ ನಿಂತಾಗ, ವಿಶೇಷವಾಗಿ ಪಶ್ಚಿಮದ ಬೆಟ್ಟಸೀಮೆಯಲ್ಲಿ, ಮಿಡ್ಜ್ ಎಂಬ ಸಣ್ಣ ನುಸಿ ಮುತ್ತುತ್ತದೆ. ಎತ್ತರದ ಹುಲ್ಲಿನಲ್ಲಿ ಉಣುಗುಗಳಿರುತ್ತವೆ. ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಸ್ಯಾಹಾರಿಗಳಿಗೆ ತೋಟದ ಕೆಫೆಗಳಲ್ಲಿ ಸೂಪು, ಸ್ಕೋನು ಸಿಗುತ್ತವೆ, ಆದರೂ ಚಪಾತಿ ಚಟ್ನಿಪುಡಿಯ ಬುತ್ತಿ ನಮ್ಮನ್ನು ಎರಡು ಬಾರಿ ಕಾಪಾಡಿತು.

ತೋಟಗಳ ಅಂಗಡಿಯಲ್ಲಿ ಬೀಜದ ಪೊಟ್ಟಣಗಳನ್ನು ಕಂಡರೆ ಕೈ ತಡೆಯುವುದು ಕಷ್ಟ. ಆದರೆ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜವನ್ನಾಗಲೀ ಗಿಡವನ್ನಾಗಲೀ ಭಾರತಕ್ಕೆ ತರುವಂತಿಲ್ಲ. ನನ್ನ ಹೆಂಡತಿ ಕೊಂಡ ನಾಲ್ಕು ಪೊಟ್ಟಣಗಳು ಮಗಳ ಕೋಣೆಯಲ್ಲೇ ಉಳಿದವು. ಅವುಗಳಲ್ಲಿ ಒಂದನ್ನು ಅವಳು ಕಿಟಕಿಯ ಕುಂಡದಲ್ಲಿ ಬಿತ್ತಿದ್ದಾಳೆ; ಭಾನುವಾರದ ವಿಡಿಯೋ ಕರೆಯಲ್ಲಿ ಮೊದಲು ನಮಗೆ ಕಾಣುವುದು ಆ ಕುಂಡವೇ.