ಗ್ರ್ಯಾಂಟ್‌ಚೆಸ್ಟರ್‌ನಲ್ಲಿ ಕೋಟೆ ಹುಡುಕಬೇಡಿ

ಇಂಗ್ಲೆಂಡಿನ ಊರ ಹೆಸರು ‘ಚೆಸ್ಟರ್’ ಎಂದು ಮುಗಿದರೆ ಅಲ್ಲಿ ರೋಮನ್ನರ ಕೋಟೆಯೋ ಪಟ್ಟಣವೋ ಇತ್ತು ಅಂತ ಹೇಳಿಬಿಡುವುದು ರೂಢಿ. ಮ್ಯಾಂಚೆಸ್ಟರ್, ವಿಂಚೆಸ್ಟರ್‌ಗೆ ಈ ಮಾತು ಸರಿ. ಕೇಂಬ್ರಿಜ್ ಪಕ್ಕದ ಗ್ರ್ಯಾಂಟ್‌ಚೆಸ್ಟರ್ ಹಳ್ಳಿಗೆ ಸರಿಯಲ್ಲ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ, ಅಂದರೆ ಇಂಗ್ಲೆಂಡಿನ ಜಮೀನು ಲೆಕ್ಕದ ಪುಸ್ತಕದಲ್ಲಿ, ಅದು ‘ಗ್ರಾಂಟೆಸೆಟೆ’. ಕೊನೆಯ ತುಂಡು ಹಳೆಯ ಇಂಗ್ಲಿಷಿನ ‘ಸೇಟೆ’, ಅಂದರೆ ನೆಲೆಸಿದವರು. ಗ್ರಾಂಟ ನದಿಯ ದಡದ ಜನ, ಅಷ್ಟೇ. ಆ ಪದ ಬಳಕೆ ತಪ್ಪಿದ ಮೇಲೆ, ಕಿವಿಗೆ ಪರಿಚಯವಿದ್ದ ‘ಚೆಸ್ಟರ್’ ಅದರ ಜಾಗದಲ್ಲಿ ಬಂದು ಕೂತಿತು.

ಹಾಗಾದರೆ 8ನೇ ಶತಮಾನದಲ್ಲಿ ಇತಿಹಾಸಕಾರ ಸನ್ಯಾಸಿ ಬೀಡ್ ಬರೆದ ‘ಗ್ರಾಂಟಕೆಸ್ಟಿರ್’? ಬಹಳ ಜನ ಎಡವುವುದು ಇಲ್ಲೇ. ಅದು ಈ ಹಳ್ಳಿಯಲ್ಲ, ಕೇಂಬ್ರಿಜ್‌ನಲ್ಲಿ ಪಾಳುಬಿದ್ದಿದ್ದ ರೋಮನ್ ಪಟ್ಟಣ. ಹೆಸರು ಹೋಲುತ್ತದೆ ಅಂತ ಊರು ಗಂಟುಹಾಕಬಾರದು.

ನದಿಯ ಕತೆ ಇನ್ನೂ ಸೊಗಸು. ಕೇಂಬ್ರಿಜ್ ಮೊದಲು ‘ಗ್ರಾಂಟೆಬ್ರಿಜ್’, ಗ್ರಾಂಟದ ಸೇತುವೆ. ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ನಾಲಗೆಯಲ್ಲಿ ‘ಗ್ರ’ ಸವೆದು ‘ಕ’ ಆಯಿತು: ‘ಕಾಂಟೆಬ್ರಿಗ್ಗೆ’, ಕಡೆಗೆ ಕೇಂಬ್ರಿಜ್. ಆಮೇಲೆ ಜನ ಸೇತುವೆಯ ಕೆಳಗಿನ ನದಿಯನ್ನೇ ‘ಕ್ಯಾಮ್’ ಅಂದರು. ಊರೇ ನದಿಗೆ ಹೆಸರು ಕೊಟ್ಟಿತು!

ಒಂದು ಹೆಸರು ಬಿಡಿಸಬೇಕಾದರೆ ಸಿಕ್ಕ ಸ್ಪೆಲ್ಲಿಂಗುಗಳನ್ನೆಲ್ಲ ಇಸವಿ ಸಮೇತ, ಹಳೆಯದು ಮೇಲೆ ಬರುವಂತೆ ಬರೆದುಕೊಳ್ಳಿ. ಮೂಲ ದಾಖಲೆಯೋ, ನೂರಿನ್ನೂರು ವರ್ಷ ಕಳೆದ ಮೇಲೆ ಮಾಡಿದ ನಕಲೋ ಎಂದು ಬದಿಯಲ್ಲಿ ಗುರುತು ಹಾಕಿ. ನಕಲುಗಾರ ತನ್ನ ಕಾಲದ ಉಚ್ಚಾರ ಸೇರಿಸಿರಬಹುದು. ಬರೆದ ಕೈ ಯಾರದು ನೋಡಿ. ಡೂಮ್ಸ್‌ಡೇ ಲಿಪಿಕಾರರಿಗೆ ‘ಥ’ ಒಗ್ಗದು, ‘ಥಾರ್ಪ್’ ಅವರಲ್ಲಿ ‘ಟಾರ್ಪ್’. ಮಧ್ಯಯುಗದ ಕೈಬರಹದಲ್ಲಿ ‘ಎನ್’ ಕೂಡ ಎರಡು ನೆಟ್ಟನೆಯ ಗೀಟು, ‘ಯು’ ಕೂಡ ಎರಡು ಗೀಟು. ಒಂದನ್ನು ಇನ್ನೊಂದಾಗಿ ಓದಿದರೆ ಹೆಸರೇ ಬೇರೆ.

ಹೆಸರಿನ ಕೊನೆಗೆ ‘ಹ್ಯಾಮ್’ ಬಂದರಂತೂ ಕಾಗದ ಬಿಟ್ಟು ನೆಲ ನೋಡಬೇಕು. ಹಳೆಯ ಇಂಗ್ಲಿಷಿನಲ್ಲಿ ‘ಹಾಮ್’ ಅಂದರೆ ಮನೆಮಠ, ‘ಹಮ್ಮ್’ ಅಂದರೆ ನದಿ ಬಳಸಿದ ತಿರುವಿನ ಜಮೀನು. ಇಂದು ಎರಡರ ಸ್ಪೆಲ್ಲಿಂಗೂ ಒಂದೇ. ಹಳೆಯ ರೂಪದಲ್ಲಿ ಎರಡು ‘ಎಮ್’ ಇದ್ದು, ಊರು ಹೊಳೆಯ ಬಾಗಿನಲ್ಲಿದ್ದರೆ ಎರಡನೆಯದು ಎಂದು ಹೇಳುವ ಧೈರ್ಯ ಬರುತ್ತದೆ.

ಸ್ಥಳೀಯರ ಬಾಯನ್ನೂ ಕೇಳಿ. ನಾರ್‌ಫೋಕ್ ಕರಾವಳಿಯ ಒಂದು ಹಳ್ಳಿಯ ಹೆಸರನ್ನು ಅಕ್ಷರ ಕೂಡಿಸಿ ಓದಿದರೆ ‘ಹ್ಯಾಪಿಸ್‌ಬರ್ಗ್’. ಅಲ್ಲಿಯವರು ಅನ್ನುವುದು ‘ಹೇಜ್‌ಬ್ರ’. ಊರಿನ ಬೋರ್ಡು ಹಳೆಯ ಸ್ಪೆಲ್ಲಿಂಗ್ ಬಿಟ್ಟಿಲ್ಲ. ಎದುರಿನ ಸಮುದ್ರದ ಮರಳುದಿಬ್ಬ ಮಾತ್ರ ನಕ್ಷೆಯಲ್ಲಿ ಬಾಯಿಮಾತಿನಂತೆಯೇ ‘ಹೇಜ್‌ಬರೊ’.